ಉಗುರಿನ ಶಿಲೀಂಧ್ರ ಸೋಂಕಿಗೆ ಹಚ್ಚುವ ಔಷಧಿ: ನೋಡಬೇಕಾದದ್ದು ಬುಡವನ್ನು

ಕಾಲಿನ ಹೆಬ್ಬೆರಳಿನ ಉಗುರು ಹಳದಿಗಟ್ಟಿ, ದಪ್ಪಗಾಗಿ, ಅಂಚಿನಲ್ಲಿ ಪುಡಿಯಾಗಿ ಉದುರುತ್ತಿದೆ ಎಂದು ಬರುವವರಲ್ಲಿ ಹಲವರು ಈಗಾಗಲೇ ಒಂದೆರಡು ತಿಂಗಳು ಔಷಧಿ ಹಚ್ಚಿ, ಗುಣ ಕಾಣಲಿಲ್ಲವೆಂದು ನಿಲ್ಲಿಸಿರುತ್ತಾರೆ. ಅವರ ಬೇಸರ ಸಹಜವೇ. ಆದರೆ ಔಷಧಿ ಶಿಲೀಂಧ್ರವನ್ನು ಅಡಗಿಸಬಲ್ಲದೇ ಹೊರತು ಹಾಳಾದ ಉಗುರನ್ನು ರಿಪೇರಿ ಮಾಡಲಾರದು. ಕಾಲಿನ ಉಗುರು ತಿಂಗಳಿಗೆ ಸುಮಾರು 1.5 ಮಿ.ಮೀ. ಮಾತ್ರ ಬೆಳೆಯುವುದರಿಂದ, ಕೆಟ್ಟ ಭಾಗವೆಲ್ಲ ಮುಂದೆ ಸರಿದು ಹೊಸ ಉಗುರು ಬರಲು 12ರಿಂದ 18 ತಿಂಗಳು ಹಿಡಿಯುತ್ತದೆ. ಆದ್ದರಿಂದ ತುದಿಯನ್ನು ನೋಡಿ ನಿರಾಶರಾಗಬಾರದು. ಬುಡದಲ್ಲಿ ತಿಳಿಗುಲಾಬಿ ಬಣ್ಣದ ನಯವಾದ ಉಗುರು ಮೂಡಿ, ಅದರ ಗಡಿ ತಿಂಗಳಿಂದ ತಿಂಗಳಿಗೆ ಮುಂದೆ ಸರಿಯುತ್ತಿದ್ದರೆ ಚಿಕಿತ್ಸೆ ಫಲಿಸುತ್ತಿದೆ ಎಂದೇ ಅರ್ಥ.

ಇಷ್ಟು ದೀರ್ಘ ಚಿಕಿತ್ಸೆಗೆ ತೊಡಗುವ ಮುನ್ನ ಇದು ಶಿಲೀಂಧ್ರವೇ ಹೌದೇ ಎಂದು ಖಚಿತಪಡಿಸಿಕೊಳ್ಳಲೇಬೇಕು, ಏಕೆಂದರೆ ಸೋರಿಯಾಸಿಸ್ ಎಂಬ ಚರ್ಮರೋಗ ಮತ್ತು ಬಿಗಿಯಾದ ಬೂಟಿನ ಒತ್ತಡವೂ ಉಗುರನ್ನು ಹೆಚ್ಚುಕಡಿಮೆ ಹೀಗೆಯೇ ಕೆಡಿಸುತ್ತವೆ. ಉಗುರಿನಡಿಯ ಪುಡಿಯನ್ನು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆಯೇ ಸಾಮಾನ್ಯವಾಗಿ ಮೊದಲ ಹೆಜ್ಜೆ.

ಚರ್ಮಕ್ಕೆ ಹಚ್ಚುವ ಸಾಮಾನ್ಯ ಮುಲಾಮು ಉಗುರಿನ ಗಟ್ಟಿ ಕೆರಾಟಿನ್ (ಉಗುರನ್ನು ರೂಪಿಸುವ ಪ್ರೋಟೀನ್) ಪದರವನ್ನು ದಾಟಿ ಒಳಗಿಳಿಯುವುದಿಲ್ಲ. ಅದಕ್ಕೆಂದೇ ಶೇ. 8ರ ಸೈಕ್ಲೋಪಿರಾಕ್ಸ್, ಶೇ. 5ರ ಅಮೊರೊಲ್ಫಿನ್ ಲೇಪಗಳೂ ಶೇ. 10ರ ಎಫಿನಾಕೊನಜೋಲ್ ದ್ರಾವಣವೂ ಇವೆ. ಅಮೊರೊಲ್ಫಿನ್ ಅನ್ನು ವಾರಕ್ಕೆ ಒಂದೆರಡು ಬಾರಿ ಹಚ್ಚಿದರೆ ಸಾಕು. ಉಳಿದೆರಡನ್ನು ದಿನವೂ ಹಚ್ಚಬೇಕು. ಅಮೊರೊಲ್ಫಿನ್ ಹಚ್ಚುವ ಮುನ್ನ ಉಗುರನ್ನು ಅರದಿಂದ ಉಜ್ಜಿ ತೆಳುವಾಗಿಸಿ, ಹಳೆಯ ಲೇಪವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಹೊಸದನ್ನು ಬಳಿಯಬೇಕು. ಹೀಗೆ ಬಳಸಿದ ಅರವನ್ನು ಆರೋಗ್ಯವಂತ ಉಗುರಿಗೆ ಮುಟ್ಟಿಸಬಾರದು.

ಫಲಿತಾಂಶದ ಬಗ್ಗೆ ರೋಗಿಗೆ ಮೊದಲೇ ನಿಜ ಹೇಳುವುದು ನಮ್ಮ ಹೊಣೆ. ಎಫಿನಾಕೊನಜೋಲ್ ಅನ್ನು 48 ವಾರ ಹಚ್ಚಿದ ದೊಡ್ಡ ಪ್ರಯೋಗಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯ ಉಗುರಿನಲ್ಲಿ ಶಿಲೀಂಧ್ರ ಇಲ್ಲವಾಯಿತು, ಆದರೆ ಉಗುರು ಸಂಪೂರ್ಣವಾಗಿ ಸ್ವಚ್ಛಗೊಂಡದ್ದು ಶೇ. 15ರಿಂದ 18ರಷ್ಟು ಜನರಲ್ಲಿ ಮಾತ್ರ. ಹೀಗಾಗಿ ಸೋಂಕು ತುದಿಯ ಭಾಗಕ್ಕೆ ಸೀಮಿತವಾಗಿ, ಒಂದೆರಡು ಉಗುರುಗಳಲ್ಲಷ್ಟೇ ಇದ್ದಾಗ ಹಚ್ಚುವ ಔಷಧಿಯನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಬುಡಕ್ಕೇ ಹಬ್ಬಿದ್ದರೆ ಶಿಲೀಂಧ್ರದ ವಿರುದ್ಧ ನುಂಗುವ ಟರ್ಬಿನಾಫಿನ್ ಮಾತ್ರೆಯ ವಿಚಾರ ಮಾಡಬೇಕಾಗುತ್ತದೆ. ಯಕೃತ್ತಿನ ಕಾಯಿಲೆ ಇರುವವರಿಗೆ ಅದು ಸಲ್ಲದು.

ಬೆರಳ ಸಂದುಗಳಲ್ಲಿ ಚರ್ಮ ಬೆಳ್ಳಗಾಗಿ ಸುಲಿಯುತ್ತಿದ್ದರೆ ಅದಕ್ಕೂ ಜೊತೆಯಲ್ಲೇ ಚಿಕಿತ್ಸೆ ಬೇಕು, ಇಲ್ಲವಾದರೆ ಉಗುರಿಗೆ ಅಲ್ಲಿಂದಲೇ ಸೋಂಕು ಮರಳುತ್ತದೆ. ಮಧುಮೇಹವಿದ್ದು ಪಾದದ ಸ್ಪರ್ಶಜ್ಞಾನ ಕುಂದಿದವರು ದಪ್ಪ ಉಗುರನ್ನು ತಾವೇ ಕತ್ತರಿಸಲು, ಉಜ್ಜಲು ಹೋಗದೆ ವೈದ್ಯರಿಂದಲೇ ಮಾಡಿಸಿಕೊಳ್ಳಬೇಕು.