ಹಳದಿ ಪಿನ್‌ಗೆ ಜಾಗ ಎಲ್ಲಿ?

"ವಿಸಿಆರ್ ಕೆಟ್ಟಿದೆ, ಟಿವಿಯಲ್ಲಿ ಏನೂ ಬರ್ತಿಲ್ಲ" ಅಂತ ಕರೆ ಬಂದಾಗ ನಾನು ಹೇಳುವುದು ಒಂದೇ ಮಾತು: ವೈರ್ ಕೀಳಬೇಡಿ, ಇದ್ದ ಹಾಗೇ ಇರಲಿ. ಹೋಗಿ ಯಂತ್ರದ ಹಿಂಬದಿ ನೋಡಿದರೆ ಎಷ್ಟೋ ಸಲ ಪಿನ್‌ಗಳು 'ಇನ್' ಎಂದು ಬರೆದ ಕಡೆ ಕೂತಿರುತ್ತವೆ. ಯಂತ್ರಕ್ಕೆ ಏನೂ ಆಗಿರುವುದಿಲ್ಲ.

ವಿಸಿಆರ್ ವಿಡಿಯೊ ಕ್ಯಾಸೆಟ್ ತೋರಿಸುವುದಷ್ಟೇ ಅಲ್ಲ, ರೆಕಾರ್ಡ್ ಕೂಡ ಮಾಡುತ್ತದೆ. ಅದಕ್ಕೇ ಅದಕ್ಕೆ ಎರಡು ಬಾಗಿಲು. ಕ್ಯಾಸೆಟ್ ನೋಡಬೇಕಾದರೆ ವಿಸಿಆರ್‌ನ 'ಔಟ್'ನಿಂದ ಟಿವಿಯ 'ಇನ್'ಗೆ ವೈರ್ ಹೋಗಬೇಕು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಸೌಂಡಿಗೆ. ಹಳೇ ಯಂತ್ರಗಳಲ್ಲಿ ಸೌಂಡಿಗೆ ಒಂದೇ ತೂತು ಇರಬಹುದು. ಆಗ ಬಿಳಿ ಪಿನ್ ಮಾತ್ರ ಹಾಕಿ, ಕೆಂಪನ್ನು ಸುಮ್ನೆ ಬಿಡಿ. ಆಮೇಲೆ ಟಿವಿ ರಿಮೋಟ್‌ನಲ್ಲಿ 'ಎವಿ' ಆರಿಸಿ. ಆಂಟೆನಾ ವೈರ್‌ನಲ್ಲೂ ಚಿತ್ರ ಬರುತ್ತದೆ, ಆದರೆ ಚಾನೆಲ್ ಹುಡುಕಿ ಟ್ಯೂನ್ ಮಾಡಬೇಕು, ಚಿತ್ರವೂ ಸ್ವಲ್ಪ ಮಂಕು. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅದು.

ಹೊಸ ಟಿವಿಗಳಲ್ಲಿ ನಿಜವಾದ ಗೊಂದಲ ಶುರು. ಹಿಂದೆ ಹಳದಿ ತೂತೇ ಕಾಣುವುದಿಲ್ಲ. ಹಸಿರು ತೂತಿನ ಸುತ್ತ ಹಳದಿ ಬಣ್ಣವೂ ಇದೆಯಾ, ಅಥವಾ ಪಕ್ಕದಲ್ಲಿ 'ವಿಡಿಯೊ' ಅಂತ ಬರೆದಿದೆಯಾ ನೋಡಿ. ಇದ್ದರೆ ಹಳದಿ ಪಿನ್ ಅಲ್ಲಿಗೇ. ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಗಾಬರಿ ಬೇಡ. ಟಿವಿ ಅದನ್ನು ಕಾಂಪೊನೆಂಟ್, ಅಂದರೆ ಚಿತ್ರವನ್ನು ಮೂರು ವೈರ್‌ಗಳಲ್ಲಿ ಕಳಿಸುವ ಜೋಡಣೆ ಅಂದುಕೊಂಡಿದೆ, ಅಷ್ಟೆ. ಇನ್‌ಪುಟ್ ಪಟ್ಟಿಯಲ್ಲಿ 'ಎವಿ'ಗೆ ಬದಲಿಸಿದರೆ ಬಣ್ಣ ಬರುತ್ತದೆ.

ಇನ್ನು ಕೆಲವು ಟಿವಿಗಳಲ್ಲಿ ಇಯರ್‌ಫೋನ್ ಜಾಕ್‌ನಂಥ ಒಂದೇ ತೂತು. ಅದಕ್ಕೆ ಟಿವಿ ಜೊತೆ ಕೊಟ್ಟ ವೈರೇ ಬೇಕು. ಹೊರಗೆ ಸಿಗುವ ವೈರ್ ನೋಡಲು ಒಂದೇ ಥರ ಇದ್ದರೂ ಒಳಗಿನ ಜೋಡಣೆ ಬೇರೆ ಇರಬಹುದು. ಹಳದಿಯಲ್ಲಿ ಚಿತ್ರ ಇಲ್ಲ, ಸ್ಪೀಕರ್‌ನಲ್ಲಿ ಬರೀ ಗುಂಯ್ ಅನ್ನುತ್ತಿದೆ ಅಂದರೆ ಹಳದಿ ಮತ್ತು ಕೆಂಪನ್ನು ಅದಲು ಬದಲು ಮಾಡಿ ನೋಡಿ. ಇದರಿಂದಲೇ ಸರಿಹೋದ ಮನೆಗಳು ಎಷ್ಟೋ.

ಟಿವಿಯಲ್ಲಿ ಬರೀ ಎಚ್‌ಡಿಎಂಐ ಇದ್ದರೆ ಪುಟ್ಟ ಕನ್ವರ್ಟರ್ ಡಬ್ಬಿ ಬೇಕು. ಕೊಳ್ಳುವಾಗ ಹುಷಾರು: 'ಎವಿಯಿಂದ ಎಚ್‌ಡಿಎಂಐಗೆ' ಇರುವುದೇ ಬೇಕು. ಉಲ್ಟಾ ಕೆಲಸ ಮಾಡುವ ಡಬ್ಬಿಯೂ ನೋಡಲು ಹಾಗೇ ಇರುತ್ತದೆ, ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕನ್ವರ್ಟರ್‌ನ ಯುಎಸ್‌ಬಿ ವೈರ್‌ಗೆ ಕರೆಂಟ್ ಕೊಡುವುದನ್ನೂ ಮರೆಯಬೇಡಿ. ಡಬ್ಬಿಯ ಮೇಲೆ 1080 ಅಂತ ಬರೆದಿದ್ದರೂ ಚಿತ್ರ ಹೆಚ್ಚು ಸ್ಪಷ್ಟ ಆಗುವುದಿಲ್ಲ. ವಿಸಿಆರ್‌ಗೆ ಹಾಕುವ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಯಷ್ಟೇ ವಿವರ ಇರುವುದು. ಟಿವಿಯಲ್ಲಿ 4:3 ಆರಿಸಿ, ಇಲ್ಲದಿದ್ದರೆ ಮುಖಗಳೆಲ್ಲ ಅಗಲವಾಗಿ ಕಾಣುತ್ತವೆ.

ಕಂಪ್ಯೂಟರಿಗೆ ಕಾಪಿ ಮಾಡುವಾಗ ವಿಸಿಆರ್‌ನ 'ಔಟ್'ನಿಂದ ಕ್ಯಾಪ್ಚರ್ ಸಾಧನಕ್ಕೆ, ಅಂದರೆ ಚಿತ್ರವನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿಗೆ, ವೈರ್ ಕೊಡಿ. ಹಳೇ ಟೇಪಿನ ಸಿಗ್ನಲ್ ಅಲುಗಾಡುತ್ತಿರುತ್ತದೆ. ಅಗ್ಗದ ಸಾಧನಗಳು ಅದನ್ನು ಹಿಡಿಯಲಾರದೆ ನಡುನಡುವೆ ಚಿತ್ರ ಬಿಟ್ಟುಬಿಡುತ್ತವೆ, ಸೌಂಡ್ ಹಿಂದೆ ಮುಂದೆ ಆಗುತ್ತದೆ. ನಡುವೆ ಒಂದು ಡಿವಿಡಿ ರೆಕಾರ್ಡರ್ ಇಟ್ಟು ಅದರ ಮೂಲಕ ಹಾಯಿಸಿದರೆ ಎಷ್ಟೋ ಸಲ ಚಿತ್ರ ನೆಟ್ಟಗೆ ನಿಲ್ಲುತ್ತದೆ. ಸಿನಿಮಾ ಕ್ಯಾಸೆಟ್‌ನಲ್ಲಿ ಮಾತ್ರ ಬೆಳಕು ಏರಿಳಿದರೆ ಅದು ವೈರ್ ದೋಷವಲ್ಲ, ಕಾಪಿ ತಡೆಯಲು ಹಾಕಿರುವ ಸಿಗ್ನಲ್. ಮನೆಯಲ್ಲಿ ತೆಗೆದ ಕ್ಯಾಸೆಟ್‌ಗಳಲ್ಲಿ ಅದು ಇರುವುದಿಲ್ಲ.

ಈ ಕೆಲಸ ಮುಂದೂಡಬೇಡಿ ಅಂತ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿಬಿಟ್ಟಿತು. ಈಗ ಉಳಿದಿರುವುದು ಹಳೇ ಯಂತ್ರಗಳೇ.

ಪ್ಲೇ ಒತ್ತುವ ಮೊದಲು ಒಂದು ಕೆಲಸ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಟೇಪ್ ಓದುವ ಹೆಡ್‌ಗೂ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಟೇಪ್ ಚೆನ್ನಾಗಿದ್ದರೆ ಲೇಬಲ್ ಅಂಟಿಸುವ ಅಂಚಿನ ಮೂಲೆ ನೋಡಿ. ಅಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ತುಂಡು ಇರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಮುರಿದುಬಿಡಿ. ಆಮೇಲೆ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಯಂತ್ರ ಕೇಳುವುದಿಲ್ಲ. ಮಗುವಿನ ಮೊದಲ ಹುಟ್ಟುಹಬ್ಬದ ಹತ್ತು ನಿಮಿಷ ಹೀಗೆ ಅಳಿಸಿಹೋಗಿದ್ದನ್ನು ನಾನು ನೋಡಿದ್ದೇನೆ. ಆ ತಾಯಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.