ಗಿಣಿಯ ದಾಯಾದಿ

ಜನವರಿಯ ಒಂದು ಬೆಳಗ್ಗೆ ಬೀದರ್ ಕೋಟೆಯ ಕಂದಕದ ಹತ್ತಿರ ನಿಂತಿದ್ದೆವು. ಅಣ್ಣನ ಮಗ ಮೇಲೆ ಕೈ ಮಾಡಿ ಕೇಳಿದ: "ಕಾಕಾ, ಅದೂ ಹದ್ದೇ ಏನು? ಭಾಳ ಸಣ್ಣದದ."

ಹದ್ದಲ್ಲ, ಚಾಣ. ಚಳಿಗಾಲದಲ್ಲಿ ನಮ್ಮ ಕಡೆ ಬರುವ ಹಕ್ಕಿ. ಗಾಳಿಗೆ ಎದುರಾಗಿ ರೆಕ್ಕೆ ಪಟಪಟ ಬಡಿಯುತ್ತ, ದಾರ ಕಟ್ಟಿ ಇಳಿಬಿಟ್ಟ ಹಾಗೆ ಒಂದೇ ಕಡೆ ನಿಂತಿತ್ತು. ಇನ್ನೂ ಮೇಲೆ ಹದ್ದು ಸುತ್ತುತ್ತಿತ್ತು. ಕೆಳಗೆ ಗೋಡೆಯ ತೂತಿನಿಂದ ಎರಡು ಗಿಣಿ ಕಿರುಚುತ್ತ ಹಾರಿದವು.

ಈ ಮೂರರಲ್ಲಿ ಯಾರಿಗೆ ಯಾರು ಹತ್ತಿರ? ಹದ್ದಿಗೆ ಚಾಣ ಅಂತೀವಿ, ಅಲ್ವಾ? ಬಾಗಿದ ಕೊಕ್ಕು, ಚೂಪು ಉಗುರು, ಮಾಂಸದ ಊಟ. ಪಕ್ಷಿತಜ್ಞರೂ ಬಹಳ ಕಾಲ ಎರಡನ್ನೂ ಒಂದೇ ಗುಂಪಿನಲ್ಲಿ ಇಟ್ಟಿದ್ದರು.

ಚಾಣದ ನಡತೆ ಮಾತ್ರ ಸ್ವಲ್ಪ ಬೇರೆ. ಹದ್ದು ಕಡ್ಡಿ, ಚಿಂದಿ ಹೊತ್ತು ತಂದು ಗೂಡು ಕಟ್ಟುತ್ತದೆ. ಚಾಣ, ಅದರ ಬಳಗದ ಬೈರಿ ಕಟ್ಟುವುದೇ ಇಲ್ಲ. ಬಂಡೆಯ ಸಂದೋ, ಕಾಗೆ ಬಿಟ್ಟುಹೋದ ಗೂಡೋ ಸಿಕ್ಕರೆ ಸಾಕು. ಹದ್ದಿನ ಬಳಗದ ಗಿಡುಗ ಬೇಟೆಯನ್ನು ಉಗುರಲ್ಲೇ ಹಿಸುಕಿ ಕೊಲ್ಲುತ್ತದೆ. ಚಾಣದ ಬಳಗ ಕಾಲಲ್ಲಿ ಹಿಡಿದು ಕತ್ತು ಕಚ್ಚುತ್ತದೆ. ಅದಕ್ಕೆ ಹೊಂದುವಂತೆ ಮೇಲಿನ ಕೊಕ್ಕಿನ ಅಂಚಿಗೆ ಹಲ್ಲಿನಂಥ ಮೊನೆ ಇದೆ. ಹಾಗಂತ ನಡತೆಯೊಂದನ್ನೇ ನಂಬುವಂತಿಲ್ಲ. ಗೂಬೆಯೂ ಗೂಡು ಕಟ್ಟುವುದಿಲ್ಲ!

2008ರಲ್ಲಿ 169 ಜಾತಿಯ ಹಕ್ಕಿಗಳ ಡಿಎನ್‌ಎಯನ್ನು 19 ಕಡೆ ಹೋಲಿಸಿ ನೋಡಿದರು. ಚಾಣದ ಬಳಗ ಹದ್ದನ್ನು ಬಿಟ್ಟು ಗಿಣಿ, ಗುಬ್ಬಿಗಳ ಪಕ್ಕ ಬಂದು ಕೂತಿತು. 2014ರಲ್ಲಿ 48 ಹಕ್ಕಿಗಳ ಜೀನೋಮ್, ಅಂದರೆ ಡಿಎನ್‌ಎಯನ್ನು ಪೂರ್ತಿ ಓದಿದಾಗಲೂ ಅದೇ ಉತ್ತರ. ನಡುವೆ 2011ರಲ್ಲಿ ಸಿಕ್ಕ ಸಾಕ್ಷಿ ನನಗೆ ಜಾಸ್ತಿ ಇಷ್ಟ. ಡಿಎನ್‌ಎಯಲ್ಲಿ ಕೆಲವು ತುಣುಕುಗಳು ತಮ್ಮದೇ ನಕಲು ಮಾಡಿಕೊಂಡು ಎಲ್ಲೋ ಹೋಗಿ ಸೇರಿಕೊಳ್ಳುತ್ತವೆ. ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಅದೇ ಸಾಲಿನಲ್ಲಿ ಅದೇ ತಪ್ಪು ಇದ್ದರೆ ಮೇಷ್ಟ್ರು ಏನಂದುಕೊಳ್ಳುತ್ತಾರೆ? ಚಾಣ, ಗಿಣಿ, ಗುಬ್ಬಿಗಳಲ್ಲಿ ಅಂಥ ತುಣುಕುಗಳು ಅದೇ ಜಾಗದಲ್ಲಿ ಸಿಕ್ಕವು. ಒಬ್ಬ ಅಜ್ಜನಿಂದ ಬಂದಿದ್ದು.

ಹಾಗಾದರೆ ಹದ್ದು, ಚಾಣ? ಬೀಗರಿದ್ದ ಹಾಗೆ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ರಕ್ತ ಬೇರೆ. ಒಂದೇ ಕಸುಬಿಗೆ ಒಂದೇ ತರಹದ ಹತ್ಯಾರ ಬಂದಿದೆ, ಅಷ್ಟೇ.

ಮೈಕಟ್ಟು ಯಾವಾಗಲೂ ಮೋಸ ಮಾಡುತ್ತದೆ ಅನ್ನಬೇಡಿ. ನಮ್ಮ ಹೊಲಗಳ ಚಿಗರಿಯನ್ನೇ, ಅಂದರೆ ಕೃಷ್ಣಮೃಗವನ್ನೇ ನೋಡಿ. ಅದಕ್ಕೂ ಜಿಂಕೆ ಅಂತೀವಿ, ಕಾಡಿನ ಚುಕ್ಕೆ ಜಿಂಕೆಗೂ ಜಿಂಕೆ ಅಂತೀವಿ. ಚುಕ್ಕೆ ಜಿಂಕೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ಕೊಂಬು ಆಡಿನದರ ಹಾಗೆ: ಒಳಗೆ ಎಲುಬು, ಮೇಲೆ ನಮ್ಮ ಉಗುರಿನಂಥ ಹೊದಿಕೆ. ಒಮ್ಮೆ ಬಂದರೆ ಉದುರುವುದಿಲ್ಲ. 1758ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ವಿಜ್ಞಾನಿ ಲಿನೇಯಸ್ ಚಿಗರಿಯನ್ನು ಆಡುಗಳ ಗುಂಪಿಗೇ ಸೇರಿಸಿ 'ಸೆರ್ವಿಕಾಪ್ರಾ' ಎಂದು ಹೆಸರಿಟ್ಟ. ಜಿಂಕೆ-ಆಡು ಅಂತ ಅರ್ಥ. ಚಿಗರಿಯ ಖಾಸಾ ಬಳಗ ಚಿಂಕಾರ ಎಂಬ ಸಣ್ಣ ಹುಲ್ಲೆ ಎಂದು ಜೀನ್‌ಗಳು ಹೇಳುತ್ತವೆ. ಆದರೂ ಚುಕ್ಕೆ ಜಿಂಕೆಗಿಂತ ಆಡೇ ಅದಕ್ಕೆ ಹತ್ತಿರ.

ಇದನ್ನೆಲ್ಲ ಔರಾದ್ ಕಡೆ ಕಡಲೆ ಹೊಲ ಕಾಯುತ್ತಿದ್ದ ರೈತರೊಬ್ಬರಿಗೆ ಹೇಳಿದೆ. ಅವರು ಕವಣೆ ಕೆಳಗಿಟ್ಟು ನಕ್ಕರು. "ಅದ್ರಾಗೇನು ಹೊಸದ್ರಿ ಸರ? ಕಡಲಿ ಹೊಲ ಹೊಕ್ಕಾಗ ನೋಡ್ರಿ, ಆಡಿನ ತಮ್ಮನೇ ಅದ."