ರಕ್ತ ತಿಂಗಳುಗಟ್ಟಲೆ ಉಳಿಯುವಾಗ ಪ್ಲೇಟ್‌ಲೆಟ್ ಮಾತ್ರ ಐದೇ ದಿನ ಏಕೆ?

ಓದುಗರ ಪ್ರಶ್ನೆ: ನಮ್ಮ ಹಾವೇರಿ ಜಿಲ್ಲೆಯಲ್ಲಿ ರಕ್ತದಾನ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಆದರೂ ಮಳೆಗಾಲದಲ್ಲಿ ಡೆಂಗಿ ಹೆಚ್ಚಾದಾಗ ಪ್ಲೇಟ್‌ಲೆಟ್ ದಾಸ್ತಾನು ಇಲ್ಲವೆಂದು ಹುಬ್ಬಳ್ಳಿಗೆ ಓಡಬೇಕಾಗುತ್ತದೆ. ಶಿಬಿರದ ರಕ್ತದಿಂದಲೇ ಪ್ಲೇಟ್‌ಲೆಟ್ ಬೇರ್ಪಡಿಸಿ ಫ್ರಿಜ್ಜಿನಲ್ಲಿ ಕಾದಿರಿಸಬಾರದೇಕೆ?

ಉತ್ತರ: ಹಾವೇರಿಯಷ್ಟೇ ಅಲ್ಲ, ಗದಗ ಮತ್ತು ಧಾರವಾಡ ಜಿಲ್ಲೆಗಳ ಓದುಗರೂ ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಪ್ಲೇಟ್‌ಲೆಟ್ ಬೇರ್ಪಡಿಸುವುದು ಕಷ್ಟವಲ್ಲ, ಕಾದಿರಿಸುವುದು ಕಷ್ಟ. ಕೆಂಪು ರಕ್ತಕಣಗಳನ್ನು ಕಾಪಾಡುವ ತಂಪು ಪ್ಲೇಟ್‌ಲೆಟ್‌ಗಳನ್ನು ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗಳಿಗೆ ಒಗ್ಗುವ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳೂ ಚೆನ್ನಾಗಿ ಬೆಳೆಯುತ್ತವೆ. ಐದು ದಿನಗಳ ಮಿತಿ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಅದನ್ನು ಸಡಿಲಿಸಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಸಂಶೋಧನೆ ನಡೆದಿದೆ.

ಡೆಂಗಿಯ ಸುದ್ದಿಗಳಲ್ಲಿ ಪ್ಲೇಟ್‌ಲೆಟ್‌ಗಳನ್ನು ಎಷ್ಟೋ ಸಲ ಬಿಳಿ ರಕ್ತಕಣಗಳೆಂದು ಕರೆಯುವುದುಂಟು. ಅವೆರಡೂ ಬೇರೆ ಬೇರೆ. ಪ್ಲೇಟ್‌ಲೆಟ್ ಪೂರ್ಣ ಜೀವಕೋಶವೇ ಅಲ್ಲ. ಅಸ್ಥಿಮಜ್ಜೆಯಲ್ಲಿರುವ ಮೆಗಾಕ್ಯಾರಿಯೊಸೈಟ್ ಎಂಬ ದೈತ್ಯ ಕೋಶಗಳಿಂದ ಕಳಚಿಕೊಂಡು ಬರುವ, ಕೋಶಕೇಂದ್ರವಿಲ್ಲದ, ಸುಮಾರು ಎರಡು ಮೂರು ಮೈಕ್ರೊಮೀಟರ್ ಅಗಲದ ತುಣುಕು ಅದು. ಆರೋಗ್ಯವಂತರ ಪ್ರತಿ ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಪ್ಲೇಟ್‌ಲೆಟ್‌ಗಳು ಇರುತ್ತವೆ. ರಕ್ತನಾಳ ಹರಿದಲ್ಲಿಗೆ ಬಂದು ಅಂಟಿಕೊಂಡು, ಒಂದಕ್ಕೊಂದು ಹೆಣೆದುಕೊಂಡು, ರಕ್ತ ಸೋರುವುದನ್ನು ಮೊದಲು ತಡೆಯುವುದು ಇವುಗಳ ಕೆಲಸ. ದೇಹದೊಳಗೇ ಇವುಗಳ ಆಯುಷ್ಯ ಏಳರಿಂದ ಹತ್ತು ದಿನ. ಕೆಂಪು ಕಣವಾದರೋ ಸುಮಾರು 120 ದಿನ ಬಾಳುತ್ತದೆ. ಅಂದಮೇಲೆ ಚೀಲದಲ್ಲಿಯೂ ಎರಡರ ಬಾಳಿಕೆ ಒಂದೇ ಆಗಿರಲು ಸಾಧ್ಯವಿಲ್ಲ.

ಆದರೆ ಆಯುಷ್ಯ ಕಡಿಮೆ ಎಂಬುದಷ್ಟೇ ಕಾರಣವಲ್ಲ. 1960ರ ದಶಕದಲ್ಲಿ ಪ್ಲೇಟ್‌ಲೆಟ್‌ಗಳನ್ನೂ ಉಳಿದ ರಕ್ತದಂತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇಡುತ್ತಿದ್ದರು. ತಂಪಿನಲ್ಲಿಟ್ಟ ಪ್ಲೇಟ್‌ಲೆಟ್‌ಗಳು ರೋಗಿಯ ರಕ್ತದಿಂದ ಬಹುಬೇಗ ಕಣ್ಮರೆಯಾಗುತ್ತವೆಂದೂ, 22 ಡಿಗ್ರಿಯಲ್ಲಿಟ್ಟವು ಅದಕ್ಕಿಂತ ಹೆಚ್ಚು ದಿನ ಉಳಿಯುತ್ತವೆಂದೂ ಅಮೆರಿಕದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್ನರ್ 1969ರಲ್ಲಿ ತೋರಿಸಿಕೊಟ್ಟರು. ಇಂದು ಜಗತ್ತಿನ ಬಹುತೇಕ ರಕ್ತನಿಧಿಗಳು ಅನುಸರಿಸುವ ಪದ್ಧತಿಗೆ ಆ ಒಂದು ಅಧ್ಯಯನವೇ ತಳಹದಿಯಾಯಿತು. ತಂಪು ತಗುಲಿದರೆ ಪ್ಲೇಟ್‌ಲೆಟ್‌ನ ಚಪ್ಪಟೆ ಬಿಲ್ಲೆಯಾಕಾರ ಕೆಟ್ಟು, ಅದು ಮುಳ್ಳುಮುಳ್ಳಾದ ಗೋಲವಾಗುತ್ತದೆಂಬುದು ಆಗಲೇ ಗೊತ್ತಿತ್ತು. ರೋಗಿಯ ದೇಹ ಅದನ್ನು ಅಷ್ಟು ಬೇಗ ಹೇಗೆ ಗುರುತಿಸಿ ತೆಗೆದುಹಾಕುತ್ತದೆ ಎಂಬುದು ಮಾತ್ರ ಬಹಳ ಕಾಲ ಬಿಡಿಸಲಾಗದೆ ಉಳಿಯಿತು.

ಅದಕ್ಕೆ ಉತ್ತರದ ಮುಖ್ಯ ಭಾಗ ದೊರೆತದ್ದು 2003ರಲ್ಲಿ, ಕರಿನ್ ಹಾಫ್‌ಮೈಸ್ಟರ್, ಥಾಮಸ್ ಸ್ಟಾಸೆಲ್ ಮತ್ತು ಅವರ ಸಂಗಡಿಗರ ಕೆಲಸದಿಂದ. ಗಾಯವಾದ ಜಾಗಕ್ಕೆ ಅಂಟಿಕೊಳ್ಳಲು ಪ್ಲೇಟ್‌ಲೆಟ್‌ನ ಮೇಲ್ಮೈಯಲ್ಲಿ ಒಂದು ಪ್ರೋಟೀನು ಹರಡಿಕೊಂಡಿರುತ್ತದೆ. ತಂಪಾದಾಗ ಈ ಪ್ರೋಟೀನಿನ ಅಣುಗಳು ಅಲ್ಲಲ್ಲಿ ಗುಂಪುಗೂಡುತ್ತವೆ. ಅದರ ಮೇಲಿರುವ ಸಕ್ಕರೆಯ ಸರಪಳಿಗಳ ತುದಿಗಳು ಹೀಗೆ ಒತ್ತೊತ್ತಾಗಿ ಬಂದುದನ್ನು ಯಕೃತ್ತಿನ ಭಕ್ಷಕ ಕೋಶಗಳು ಗುರುತಿಸಿ ಪ್ಲೇಟ್‌ಲೆಟ್ಟನ್ನೇ ನುಂಗಿಬಿಡುತ್ತವೆ. ಹಾಗಿದ್ದರೆ ಆ ತುದಿಗಳಿಗೆ ಗ್ಯಾಲಕ್ಟೋಸ್ ಎಂಬ ಮತ್ತೊಂದು ಸಕ್ಕರೆಯನ್ನು ಜೋಡಿಸಿ ಮುಚ್ಚಿದರೆ ಹೇಗೆ ಎಂದು ಅದೇ ತಂಡ ಯೋಚಿಸಿತು. ಇಲಿಗಳಲ್ಲಿ ಈ ಉಪಾಯ ಫಲಿಸಿತು. ಮನುಷ್ಯರಲ್ಲಿ ಫಲಿಸಲಿಲ್ಲ: 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ದಿನ ತಂಪಿನಲ್ಲಿಟ್ಟ ಪ್ಲೇಟ್‌ಲೆಟ್‌ಗಳಿಗೆ ಗ್ಯಾಲಕ್ಟೋಸ್ ಜೋಡಿಸಿದರೂ ಅವು ರಕ್ತದಿಂದ ಬೇಗನೆ ಮಾಯವಾದವು. ಹೆಚ್ಚು ಹೊತ್ತು ತಂಪಿನಲ್ಲಿದ್ದವನ್ನು ಯಕೃತ್ತಿನ ಮತ್ತೊಂದು ಬಗೆಯ ಕೋಶಗಳು ತಮ್ಮ ಮೇಲ್ಮೈಯಲ್ಲಿರುವ ಬೇರೊಂದು ಗ್ರಾಹಕದ, ಅಂದರೆ ಹಿಡಿಕೆಯಂತೆ ಕೆಲಸ ಮಾಡುವ ಪ್ರೋಟೀನಿನ, ಮೂಲಕ ಹಿಡಿಯುತ್ತವೆ ಎಂಬುದು ಅನಂತರ ತಿಳಿದುಬಂತು. ಮದ್ದು ಸಿಗದಿದ್ದರೂ ಮುದಿಯಾದ ಪ್ಲೇಟ್‌ಲೆಟ್‌ಗಳನ್ನು ದೇಹ ಸ್ವಾಭಾವಿಕವಾಗಿ ವಿಲೇವಾರಿ ಮಾಡುವ ಬಗೆ ಇದರಿಂದ ಸ್ಪಷ್ಟವಾಯಿತಾದ್ದರಿಂದ, ಈ ಪ್ರಯತ್ನವನ್ನು ನಾನು ವ್ಯರ್ಥವೆಂದು ಎಣಿಸುವುದಿಲ್ಲ.

ಹೀಗಾಗಿ ನಮ್ಮ ದೇಶದ ನಿಯಮದಂತೆ ಪ್ಲೇಟ್‌ಲೆಟ್ ಚೀಲಗಳನ್ನು 20ರಿಂದ 24 ಡಿಗ್ರಿಯಲ್ಲಿ, ಅಜಿಟೇಟರ್ ಎಂಬ ಯಂತ್ರದ ತಟ್ಟೆಗಳ ಮೇಲೆ, ತೊಟ್ಟಿಲು ತೂಗಿದಂತೆ ಹಗಲಿರುಳು ಮೆಲ್ಲಗೆ ಅಲುಗಾಡಿಸುತ್ತ ಇಡಬೇಕು. ಚೀಲದಲ್ಲಿಯೂ ಪ್ಲೇಟ್‌ಲೆಟ್‌ಗಳು ಉಸಿರಾಡುತ್ತಿರುತ್ತವೆ. ಆಮ್ಲಜನಕ ಒಳಬರಲು ಮತ್ತು ಇಂಗಾಲದ ಡೈಆಕ್ಸೈಡ್ ಹೊರಹೋಗಲು ಅನುವಾಗುವಂಥ ವಿಶೇಷ ಪ್ಲಾಸ್ಟಿಕ್ಕಿನಿಂದ ಆ ಚೀಲವನ್ನು ಮಾಡಿರುತ್ತಾರೆ. ಆಮ್ಲಜನಕ ಸಾಲದಾದರೆ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ, ಪಿಎಚ್ ಮೌಲ್ಯ 6.2ಕ್ಕಿಂತ ಕೆಳಗಿಳಿದು, ಪ್ಲೇಟ್‌ಲೆಟ್‌ಗಳು ನಿರುಪಯುಕ್ತವಾಗುತ್ತವೆ. ರಕ್ತನಿಧಿಯವರು 20ರಿಂದ 24 ಡಿಗ್ರಿಯ ಈ ಉಷ್ಣತೆಯನ್ನು ರೂಮ್ ಟೆಂಪರೇಚರ್ ಎನ್ನುತ್ತಾರಾದರೂ, ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ 38–40 ಡಿಗ್ರಿ ಮುಟ್ಟುವ ಗದಗಿನಲ್ಲಿ ಯಾವ ಕೋಣೆಯೂ ತಾನಾಗಿ 22 ಡಿಗ್ರಿಯಲ್ಲಿರುವುದಿಲ್ಲ. ಉಷ್ಣತೆ ಕಾಯುವ ಪೆಟ್ಟಿಗೆ, ಕರೆಂಟ್ ಹೋದರೆ ತಕ್ಷಣ ಚಾಲೂ ಆಗುವ ಜನರೇಟರ್, ರಕ್ತವನ್ನು ಘಟಕಗಳಾಗಿ ಬೇರ್ಪಡಿಸುವ ತಂಪು ಸೆಂಟ್ರಿಫ್ಯೂಜ್, ಅದಕ್ಕೆ ಬೇಕಾದ ಪರವಾನಗಿ ಇವೆಲ್ಲ ಇದ್ದಲ್ಲಿ ಮಾತ್ರ ಈ ಕೆಲಸ ಸಾಧ್ಯವಾಗುವುದರಿಂದಲೇ ಪ್ಲೇಟ್‌ಲೆಟ್‌ಗಾಗಿ ಜನರು ಹುಬ್ಬಳ್ಳಿಯಂಥ ದೊಡ್ಡ ಊರಿಗೆ ಬರಬೇಕಾಗುತ್ತದೆ. ಹಾಗೆ ಬಂದು ಚೀಲ ಒಯ್ಯುವವರು ಅದನ್ನು ಯಾವ ಕಾರಣಕ್ಕೂ ಐಸ್ ಪೆಟ್ಟಿಗೆಯಲ್ಲಿ ಇಡಬಾರದು. ಬಿಸಿಲು ತಾಗದಂತೆ, ರಕ್ತನಿಧಿ ಕೊಟ್ಟ ಪೆಟ್ಟಿಗೆಯಲ್ಲಿಯೇ ಒಯ್ಯಬೇಕು.

ಬ್ಯಾಕ್ಟೀರಿಯಾದ ತೊಡಕು ಬರುವುದು ಇಲ್ಲಿಯೇ. ಸೂಜಿ ಚುಚ್ಚುವಾಗ ಚರ್ಮದ ಮೇಲಿನ ಒಂದೆರಡು ಬ್ಯಾಕ್ಟೀರಿಯಾ ಚೀಲದೊಳಗೆ ಸೇರಿದರೂ 22 ಡಿಗ್ರಿಯಲ್ಲಿ ಅವು ದಿನದಿಂದ ದಿನಕ್ಕೆ ಹಲವು ಪಟ್ಟು ವೃದ್ಧಿಯಾಗುತ್ತವೆ. ಚೀಲಗಳ ಪ್ಲಾಸ್ಟಿಕ್ ಸುಧಾರಿಸಿದ ಮೇಲೆ ಅಮೆರಿಕದಲ್ಲಿ 1984ರಲ್ಲಿ ಮಿತಿಯನ್ನು ಏಳು ದಿನಕ್ಕೆ ಏರಿಸಿದ್ದರು. ಸೋಂಕಿನ ಪ್ರಕರಣಗಳು ಕಂಡುಬಂದುದರಿಂದ 1986ರಲ್ಲಿ ಮತ್ತೆ ಐದಕ್ಕೆ ಇಳಿಸಿದರು. ಈ ಐದರಲ್ಲಿಯೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳಿಗೆ ಸ್ವಲ್ಪ ಸಮಯ ಹೋಗುವುದರಿಂದ ರೋಗಿಗೆ ದಕ್ಕುವುದು ಮೂರ್ನಾಲ್ಕು ದಿನವೇ. ಭಾನುವಾರದ ಶಿಬಿರದ ಪ್ಲೇಟ್‌ಲೆಟ್ ಮುಂದಿನ ಭಾನುವಾರಕ್ಕೆ ಉಳಿಯದಿರುವುದಕ್ಕೆ ಯಾರ ಅಲಕ್ಷ್ಯವೂ ಕಾರಣವಲ್ಲ.

ಕೆಂಪು ಕಣಗಳ ಕಥೆ ಸುಲಭದ್ದು. ಸೂಕ್ತ ದ್ರಾವಣ ಬೆರೆಸಿ 2ರಿಂದ 6 ಡಿಗ್ರಿಯಲ್ಲಿಟ್ಟರೆ 42 ದಿನಗಳವರೆಗೆ ಬಳಸಬಹುದು. ಗ್ಲಿಸರಾಲ್ ಬೆರೆಸಿದರೆ ಜೀವಕೋಶಗಳು ಅತಿಯಾದ ತಂಪಿನಲ್ಲಿ ಹೆಪ್ಪುಗಟ್ಟಿದರೂ ಸಾಯುವುದಿಲ್ಲವೆಂದು 1949ರಲ್ಲಿ ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಕಂಡುಕೊಂಡ ಮೇಲೆ, ಕೆಂಪು ಕಣಗಳನ್ನು ಮೈನಸ್ 65 ಡಿಗ್ರಿಗಿಂತ ಕೆಳಗೆ ಹತ್ತು ವರ್ಷ ಕಾದಿಡುವ ವಿಧಾನವೂ ಬಂತು. ಕರಗಿಸಿದ ಮೇಲೆ ಗ್ಲಿಸರಾಲನ್ನು ತೊಳೆದು ತೆಗೆಯಬೇಕಾದ್ದರಿಂದ ಇದು ದುಬಾರಿ. 1952ರಲ್ಲಿ ಮುಂಬಯಿಯಲ್ಲಿ ಡಾ. ಭೇಂಡೆ ಅವರು ಗುರುತಿಸಿದ ಬಾಂಬೆ ರಕ್ತದಗುಂಪಿನಂಥ ವಿರಳ ಗುಂಪುಗಳಿಗೆ ಇದು ಹೆಚ್ಚು ಪ್ರಯೋಜನಕಾರಿ.

ಪ್ಲೇಟ್‌ಲೆಟ್‌ಗಳನ್ನೂ ಹೀಗೆ ಅತಿಯಾದ ತಂಪಿನಲ್ಲಿ ಗಟ್ಟಿಗೊಳಿಸಿ ಇಡಬಹುದು. ಡಿಎಂಎಸ್ಒ ಎಂಬ ರಾಸಾಯನಿಕ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟ ಪ್ಲೇಟ್‌ಲೆಟ್‌ಗಳನ್ನು ನೆದರ್ಲೆಂಡ್ಸ್ ಸೇನೆ 2001ರಿಂದ ಗಾಯಾಳುಗಳಿಗೆ ಬಳಸುತ್ತ ಬಂದಿದೆ. ಕರಗಿಸುವಾಗ ಗಣನೀಯ ಭಾಗ ನಷ್ಟವಾಗುತ್ತದೆ. ಉಳಿದವು ಅರ್ಧ ಕೆರಳಿದ ಸ್ಥಿತಿಯಲ್ಲಿರುವುದರಿಂದ ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತವೆಯೇ ಹೊರತು ದೇಹದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಇದೇ ತರ್ಕದಿಂದ ತಂಪಿನ ಸಂಗ್ರಹವೂ ಮರಳಿ ಬಂದಿದೆ. ಅಪಘಾತದಲ್ಲಿ ರಕ್ತ ಸುರಿಯುತ್ತಿರುವವನಿಗೆ ಪ್ಲೇಟ್‌ಲೆಟ್ ಬೇಕಾಗಿರುವುದು ಮುಂದಿನ ವಾರಕ್ಕಲ್ಲ, ಆ ಕ್ಷಣಕ್ಕೆ. ಅಂಥ ಸಂದರ್ಭದಲ್ಲಿ, ಸಾಮಾನ್ಯ ಪ್ಲೇಟ್‌ಲೆಟ್ ಸಿಗದಿದ್ದರೆ, 1ರಿಂದ 6 ಡಿಗ್ರಿಯಲ್ಲಿ 14 ದಿನಗಳವರೆಗೆ ಇಟ್ಟದ್ದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಅವಕಾಶ ಕೊಟ್ಟಿತು. ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುವ ನಮ್ಮ ಭಾಗದಲ್ಲಿ ಇಂಥ ಸಂಗ್ರಹದ ಬಗ್ಗೆ ಗಂಭೀರ ಅಧ್ಯಯನ ನಡೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ. ಆದರೆ ಅಸ್ಥಿಮಜ್ಜೆ ಸೋತ ರಕ್ತ ಕ್ಯಾನ್ಸರ್ ರೋಗಿಗೆ, ದಿನಗಟ್ಟಲೆ ಉಳಿಯಬೇಕಾದ ಪ್ಲೇಟ್‌ಲೆಟ್‌ನ ಅಗತ್ಯ ಇದರಿಂದ ಈಡೇರದು.

ಇನ್ನೊಂದು ಹಾದಿ ಪ್ರಯೋಗಾಲಯದಲ್ಲಿಯೇ ಪ್ಲೇಟ್‌ಲೆಟ್ ಬೆಳೆಸುವುದು. ಜಪಾನಿನ ಕ್ಯೋಟೊದಲ್ಲಿ ಕೋಜಿ ಎಟೊ ಅವರ ತಂಡ ಕಾಂಡಕೋಶಗಳಿಂದ (ಸ್ಟೆಮ್ ಸೆಲ್) ಮೆಗಾಕ್ಯಾರಿಯೊಸೈಟ್‌ಗಳನ್ನು ಬೆಳೆಸಿತು. ಅವು ಪ್ಲೇಟ್‌ಲೆಟ್ ಉದುರಿಸಲು ದ್ರವದಲ್ಲಿ ಸುಳಿಯಂಥ ಪ್ರಕ್ಷುಬ್ಧ ಹರಿವು ಇರಲೇಬೇಕೆಂದು 2018ರಲ್ಲಿ ಆ ತಂಡ ತೋರಿಸಿದ್ದು ಈ ಕ್ಷೇತ್ರದ ಸೊಗಸಾದ ಶೋಧಗಳಲ್ಲಿ ಒಂದು. ದಾನಿಗಳ ಪ್ಲೇಟ್‌ಲೆಟ್ ಒಗ್ಗದ ಒಬ್ಬ ರೋಗಿಗೆ, ಆ ರೋಗಿಯದೇ ಕೋಶಗಳಿಂದ ಬೆಳೆಸಿದ ಪ್ಲೇಟ್‌ಲೆಟ್ ಕೊಟ್ಟ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. ಗಂಭೀರ ತೊಂದರೆ ಕಾಣಲಿಲ್ಲ. ಆದರೆ ರಕ್ತದಲ್ಲಿ ಪ್ಲೇಟ್‌ಲೆಟ್ ಎಣಿಕೆಯೂ ಗಮನಾರ್ಹವಾಗಿ ಏರಲಿಲ್ಲ.

ಡೆಂಗಿ ಪೀಡಿತರ ಮನೆಯವರು ತಿಳಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಸಿಂಗಪುರ ಮತ್ತು ಮಲೇಶಿಯಾದಲ್ಲಿ ಪ್ಲೇಟ್‌ಲೆಟ್ ಎಣಿಕೆ 20 ಸಾವಿರ ಅಥವಾ ಅದಕ್ಕಿಂತ ಕೆಳಗಿದ್ದ, ಹೆಚ್ಚಿನ ರಕ್ತಸ್ರಾವವಿಲ್ಲದ 372 ವಯಸ್ಕ ಡೆಂಗಿ ರೋಗಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟವರಲ್ಲಿ ರಕ್ತಸ್ರಾವ ಗಮನಾರ್ಹವಾಗಿ ತಗ್ಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. ಡೆಂಗಿಯಲ್ಲಿ ಹೆಚ್ಚಿನ ಅಪಾಯ ರಕ್ತನಾಳಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸೋರುವುದರಿಂದ ಬರುತ್ತದೆ. ಆದ್ದರಿಂದ ಎಣಿಕೆ 40 ಸಾವಿರಕ್ಕೆ ಇಳಿಯಿತೆಂದು ಗಾಬರಿಯಾಗಿ, ವೈದ್ಯರು ಹೇಳುವ ಮೊದಲೇ ಚೀಲ ಹುಡುಕಿಕೊಂಡು ಊರೂರು ಅಲೆಯುವುದು ಬೇಡ. ಅವಸರದಿಂದ ಒಯ್ದ ಆ ಚೀಲ, ನಿಜವಾಗಿ ರಕ್ತ ಸೋರುತ್ತಿರುವ ಬೇರೊಬ್ಬರಿಗೆ ಸಿಗದೇ ಹೋಗಬಹುದು. ಪರೀಕ್ಷೆಗೆ ತೆಗೆದ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರವು ಕಡಿಮೆ ಎಣಿಕೆ ತೋರಿಸುವುದೂ ಉಂಟು. ಸಂಶಯವಿದ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸುವಂತೆ ಕೇಳಿರಿ.

ಇಷ್ಟರ ಮೇಲೆ, ಮಳೆಗಾಲದ ಕೊರತೆ ನೀಗಿಸಲು ನಿಮ್ಮ ಊರಿನವರು ಮಾಡಬಹುದಾದದ್ದು ದೊಡ್ಡ ಶಿಬಿರಕ್ಕಿಂತ ದಾನಿಗಳ ಪಟ್ಟಿ. ಒಬ್ಬ ದಾನಿಯ ಸಾಮಾನ್ಯ ರಕ್ತದಾನದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಚೀಲ ವಯಸ್ಕ ರೋಗಿಯ ಎಣಿಕೆಯನ್ನು ಐದರಿಂದ ಹತ್ತು ಸಾವಿರದಷ್ಟು ಏರಿಸುತ್ತದೆ. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ದಾನಿಗೇ ಮರಳಿಸುವ ಎಸ್‌ಡಿಪಿ ವಿಧಾನದಲ್ಲಿ ಒಂದೇ ಚೀಲ 30ರಿಂದ 50 ಸಾವಿರದಷ್ಟು ಏರಿಸಬಲ್ಲದು. ಇದಕ್ಕೆ ಒಂದೂವರೆ ಎರಡು ತಾಸು ಬೇಕು, ಕೈಯ ರಕ್ತನಾಳ ಚೆನ್ನಾಗಿರಬೇಕು, ಹಿಂದಿನ ಮೂರು ದಿನಗಳಲ್ಲಿ ಆಸ್ಪಿರಿನ್ ತೆಗೆದುಕೊಂಡಿರಬಾರದು. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಆಸ್ಪಿರಿನ್‌ನಿಂದ ಕೆಟ್ಟ ತನ್ನ ಕಿಣ್ವವನ್ನು ಹೊಸದಾಗಿ ತಯಾರಿಸಿಕೊಳ್ಳಲಾರದು. ಹಾಗಾಗಿ ಒಮ್ಮೆ ಆಸ್ಪಿರಿನ್ ತಾಗಿದ್ದು ಬದುಕಿರುವಷ್ಟು ದಿನವೂ ನಿಸ್ತೇಜವಾಗಿಯೇ ಇರುತ್ತದೆ. ಕಾಲೇಜುಗಳಿಗೆ ರಜೆಯಿರುವ ದಿನಗಳಲ್ಲಿಯೂ ಕರೆದರೆ ಬರಬಲ್ಲವರ ಹೆಸರು, ರಕ್ತದಗುಂಪು ಮತ್ತು ಫೋನ್ ಸಂಖ್ಯೆಗಳನ್ನು ಜೂನ್‌ಗೆ ಮೊದಲೇ ಸಮೀಪದ ರಕ್ತನಿಧಿಗೆ ಕೊಟ್ಟಿರಿ. ಕೊಟ್ಟ ಪ್ಲೇಟ್‌ಲೆಟ್‌ಗಳನ್ನು ದೇಹ ಕೆಲವೇ ದಿನಗಳಲ್ಲಿ ತುಂಬಿಕೊಳ್ಳುವುದರಿಂದ, ಎರಡು ಎಸ್‌ಡಿಪಿ ದಾನಗಳ ನಡುವೆ ಕನಿಷ್ಠ 48 ಗಂಟೆಗಳ ಅಂತರವಿದ್ದರೆ ಸಾಕೆಂದು ನಿಯಮ ಹೇಳುತ್ತದೆ. ವರ್ಷಕ್ಕೆ 24 ಬಾರಿ ಮೀರುವಂತಿಲ್ಲ.